ಓಪನ್ ಸೋರ್ಸ್ ಡೆವಲಪರ್ ಟೂಲ್ ಕಂಪನಿ ಕಟ್ಟುವ ಬಗೆ: ಮೊದಲ ಕಮಿಟ್‌ನಿಂದ ಇಪ್ಪತ್ತು ಜನರ ತಂಡದವರೆಗೆ

ಡೆವಲಪರ್‌ಗಳು ದಿನವೂ ಬಳಸುವ ಒಂದು ಉಪಕರಣವನ್ನು ಬರೆದು, ಅದರ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟು, ಅದರ ಮೇಲೆಯೇ ಕಂಪನಿ ನಡೆಸುವುದು ಮೇಲ್ನೋಟಕ್ಕೆ ವಿಚಿತ್ರ ವ್ಯಾಪಾರವೆನಿಸುತ್ತದೆ. ಅಂಗಡಿಯ ಸರಕನ್ನೆಲ್ಲ ಬೀದಿಗೆ ಸುರಿದು, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಂತೆ. ಆದರೂ ಇದು ನಡೆಯುವ ವ್ಯಾಪಾರ. ಲಿನಕ್ಸ್ ಎಂಬ ಓಪನ್ ಸೋರ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ನೆಚ್ಚಿಕೊಂಡು 1993ರಲ್ಲಿ ಆರಂಭವಾದ ರೆಡ್ ಹ್ಯಾಟ್ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ತಂಡಗಳು ತಮ್ಮ ಕೋಡನ್ನು ಒಟ್ಟಾಗಿ ಇಟ್ಟು ನಿರ್ವಹಿಸುವ ವೇದಿಕೆಯಾದ ಗಿಟ್‌ಲ್ಯಾಬ್ 2021ರ ಅಕ್ಟೋಬರ್‌ನಲ್ಲಿ ನ್ಯಾಸ್‌ಡಾಕ್ ಷೇರುಪೇಟೆಗೆ ಬಂತು. ಹಾಸುರಾ, ಆಪ್‌ಸ್ಮಿತ್‌ನಂಥ ಕಂಪನಿಗಳು ನಮ್ಮ ಬೆಂಗಳೂರಿನಲ್ಲೇ ಬೆಳೆದವು.

ಕೋಡ್ ಎಲ್ಲರದ್ದಾದ ಮೇಲೆ ಕಂಪನಿಯ ಬಳಿ ಉಳಿಯುವುದಾದರೂ ಏನು? ಗಿರಾಕಿ ನಿಜವಾಗಿ ಕೇಳುವುದು ಒಂದೇ ಪ್ರಶ್ನೆ: ನಾಳೆ ರಾತ್ರಿ ಎರಡು ಗಂಟೆಗೆ ಇದು ಕೆಟ್ಟರೆ ನೋಡಿಕೊಳ್ಳುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ ನಿಲ್ಲುವುದು ತಂಡ. ಆ ತಂಡದ ಒಂದು ಪಾಲು ನಿಮ್ಮ ಸಂಬಳಪಟ್ಟಿಯಲ್ಲಿ ಇರುವುದಿಲ್ಲ; ಅವರು ದಾವಣಗೆರೆಯ ಹಾಸ್ಟೆಲ್ಲಿನಲ್ಲೋ ಬರ್ಲಿನ್ನಿನ ಕಚೇರಿಯಲ್ಲೋ ಕುಳಿತು, ಸ್ವಂತ ಸಮಯದಲ್ಲಿ ನಿಮಗೆ ಕೋಡ್ ಕಳುಹಿಸುವವರು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಕ್ಕು, ಪರವಾನಗಿ, ಆದಾಯ ಎಂಬ ಒಣ ವಿಷಯಗಳನ್ನೂ ತಂಡದ ವಿಷಯವೆಂದೇ ನೋಡಿದ್ದೇನೆ. ಇವುಗಳಲ್ಲಿ ಗೊಂದಲವಿಟ್ಟುಕೊಂಡು ಒಟ್ಟಾಗಿ ಕೆಲಸ ಮಾಡಿದ ತಂಡವನ್ನು ನಾನಂತೂ ಕಂಡಿಲ್ಲ. ಡೇಟಾಬೇಸಿನ ಸ್ಕೀಮಾ (ಮಾಹಿತಿಯನ್ನು ಜೋಡಿಸಿಡುವ ವಿನ್ಯಾಸ) ಬದಲಾವಣೆಗಳನ್ನು ಸುರಕ್ಷಿತವಾಗಿ ನಡೆಸುವ, ಆಜ್ಞೆ ಟೈಪ್ ಮಾಡಿ ಬಳಸುವ ಒಂದು ಕಮಾಂಡ್ ಲೈನ್ ಉಪಕರಣವನ್ನು ನಾವು ನಾಲ್ವರು ಸೇರಿ ಬರೆದೆವು. ಮುಂದೆ ಬರುವ ಸ್ವಂತ ಅನುಭವದ ಮಾತುಗಳೆಲ್ಲ ಅದರವು.

ಹೆಜ್ಜೆ 1: ಒಂದೇ ಕಿರಿಕಿರಿಯನ್ನು ಹಿಡಿಯಿರಿ

ಬಾಳಿಕೆ ಬಂದ ಡೆವಲಪರ್ ಉಪಕರಣಗಳಲ್ಲಿ ಬಹುಪಾಲು ಯಾರದೋ ಸ್ವಂತ ಕಿರಿಕಿರಿಯಿಂದ ಹುಟ್ಟಿದವು. ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವ ತಂಡಕ್ಕೆ, ಕೋಡಿನ ಬದಲಾವಣೆಗಳ ದಾಖಲೆಯಿಡುವ ಬಿಟ್‌ಕೀಪರ್ ಬಳಸಲು ಇದ್ದ ಉಚಿತ ಅನುಮತಿ 2005ರಲ್ಲಿ ತಪ್ಪಿದಾಗ, ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಆ ಏಪ್ರಿಲ್‌ನಲ್ಲಿ ಅದೇ ಕೆಲಸಕ್ಕೆ ಗಿಟ್ ಬರೆಯಲು ಕುಳಿತರು. ಸೆಂಟ್ರಿ 2008ರಲ್ಲಿ ಜ್ಯಾಂಗೋ ಎಂಬ ವೆಬ್ ಚೌಕಟ್ಟನ್ನು ಬಳಸುವವರಿಗಾಗಿ ದೋಷಗಳನ್ನು ದಾಖಲಿಸುವ ಪುಟ್ಟ ಪ್ಲಗಿನ್ ಆಗಿತ್ತು. ಹತ್ತು ಸೌಲಭ್ಯಗಳ ಪಟ್ಟಿ ಹಿಡಿದು ಹೊರಡುವ ಬದಲು, ನಿಮ್ಮನ್ನೇ ವಾರಕ್ಕೆ ಎರಡು ಸಲ ಕಾಡುವ ಒಂದು ತೊಂದರೆಯನ್ನು ಆರಿಸಿಕೊಳ್ಳಿ.

ಅದಕ್ಕೊಂದು ಉಪಕರಣ ಬರೆದ ಬಳಿಕ, ಅದನ್ನು ಎಂದೂ ನೋಡಿರದ ಒಬ್ಬರನ್ನು ಕೂರಿಸಿ, ಹಿಂದೆ ನಿಂತು, ಬಾಯಿ ಮುಚ್ಚಿಕೊಂಡು ನೋಡಿ. ಬಾಯಿ ಮುಚ್ಚಿಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗ. ನಾವು ಹೀಗೆ ಮೊದಲ ಸಲ ಪರೀಕ್ಷಿಸಿದ ದಿನ, ಎಂಟು ವರ್ಷಗಳ ಅನುಭವವಿದ್ದ ಎಂಜಿನಿಯರ್ ಒಬ್ಬರು ಮೊದಲ ಆಜ್ಞೆಯಲ್ಲೇ ಹನ್ನೊಂದು ನಿಮಿಷ ಸಿಕ್ಕಿಕೊಂಡರು. ಅವರ ಡೇಟಾಬೇಸಿನ ಪಾಸ್‌ವರ್ಡ್‌ನಲ್ಲಿ ಆ್ಯಟ್ ಚಿಹ್ನೆಯಿತ್ತು. ನಮ್ಮ ಕೋಡ್ ಆ ಚಿಹ್ನೆಯ ಮುಂದಿನದ್ದನ್ನೆಲ್ಲ ಸರ್ವರಿನ ವಿಳಾಸವೆಂದು ಓದುತ್ತಿತ್ತು. ಪರದೆಯ ಮೇಲೆ ಬಂದ ಸಂದೇಶ ಮಾತ್ರ ‘ಸಂಪರ್ಕ ವಿಫಲ’ ಎಂಬಷ್ಟೇ. ಅವರು ತಮ್ಮ ವೈಫೈಯನ್ನು ಎರಡು ಸಲ ಆರಿಸಿ ಹಚ್ಚಿದರು. ಮನೆಯಲ್ಲಿ ಒಬ್ಬರೇ ಪ್ರಯತ್ನಿಸಿದ್ದರೆ ಮೂರನೆಯ ನಿಮಿಷಕ್ಕೇ ಅಳಿಸಿಹಾಕಿ ಬೇರೊಂದನ್ನು ಹುಡುಕುತ್ತಿದ್ದರು, ನಮಗದು ತಿಳಿಯುತ್ತಲೂ ಇರಲಿಲ್ಲ. ಇಳಿಸಿಕೊಂಡ ಐದು ನಿಮಿಷದೊಳಗೆ ಒಂದು ಉಪಯುಕ್ತ ಫಲಿತಾಂಶ ಕೈಗೆ ಸಿಗುವವರೆಗೆ ಯಾವ ಹೊಸ ಸೌಲಭ್ಯವನ್ನೂ ಸೇರಿಸಬೇಡಿ.

ಹೆಜ್ಜೆ 2: ಕೋಡ್ ಯಾರ ಸ್ವತ್ತು ಎಂಬುದನ್ನು ತೆರೆಯುವ ಮೊದಲೇ ಬಗೆಹರಿಸಿ

ಕೋಡಿನ ಭಂಡಾರವಾದ ರೆಪೊಸಿಟರಿಯನ್ನು ಸಾರ್ವಜನಿಕ ಮಾಡುವುದು ಒಂದು ಗುಂಡಿ ಒತ್ತುವಷ್ಟರ ಕೆಲಸ, ಆದರೆ ಒಡೆತನವೇ ಇಲ್ಲದವರು ಕೊಟ್ಟ ಪರವಾನಗಿಗೆ ಬೆಲೆಯಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇಡುತ್ತದೆ. ನೌಕರನೊಬ್ಬ ನೌಕರಿಯ ಭಾಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೊದಲ ಒಡೆಯ ಉದ್ಯೋಗದಾತನೇ ಎಂದು ಆ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದ್ದರಿಂದ ಹಗಲು ಒಂದು ಕಂಪನಿಯಲ್ಲಿ ದುಡಿಯುತ್ತ ರಾತ್ರಿ ತಮ್ಮ ಉಪಕರಣ ಬರೆಯುವವರು ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಬೇಕು. ಎಷ್ಟೋ ಪತ್ರಗಳಲ್ಲಿ ಕಚೇರಿ ವೇಳೆಯ ಹೊರಗೆ ಬರೆದದ್ದನ್ನೂ ಸೇರಿಸಿಕೊಳ್ಳುವ ಸಾಲು ಇರುತ್ತದೆ. ಸ್ವಂತ ಲ್ಯಾಪ್‌ಟಾಪ್, ಸ್ವಂತ ಇಮೇಲ್, ಸ್ವಂತ ಇಂಟರ್ನೆಟ್ ಬಳಸುವುದು ಕನಿಷ್ಠ ಎಚ್ಚರಿಕೆ. ಸಾಧ್ಯವಾದರೆ ‘ಈ ಯೋಜನೆಯ ಮೇಲೆ ನಮಗೆ ಹಕ್ಕಿಲ್ಲ’ ಎಂಬ ಪತ್ರವನ್ನು ಉದ್ಯೋಗದಾತರಿಂದ ಬರೆಸಿಕೊಳ್ಳುವುದು ನಿಜವಾದ ರಕ್ಷಣೆ.

ಫ್ರೀಲಾನ್ಸರ್‌ಗಳಿಂದ ಕೆಲಸ ಮಾಡಿಸುವಾಗ ಎಡವುವವರು ಇನ್ನೂ ಹೆಚ್ಚು. ಹಣ ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ, ಹಕ್ಕಿನ ವರ್ಗಾವಣೆ ಬರಹದಲ್ಲಿ ಆಗಬೇಕು. ಆ ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ 19ನೇ ಕಲಮಿನ ಪ್ರಕಾರ ಅದು ಐದು ವರ್ಷಕ್ಕೆ ಸೀಮಿತ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. 19(4)ನೇ ಉಪಕಲಮಿನ ಪ್ರಕಾರ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಮಾತು ಬರೆದಿಲ್ಲದ ಪಕ್ಷದಲ್ಲಿ, ಅದು ಹಿಂದಕ್ಕೆ ಹೋಗುತ್ತದೆ. ಅಮೆರಿಕದ ಯಾವುದೋ ಮಾದರಿ ಒಪ್ಪಂದವನ್ನು ಇಳಿಸಿಕೊಂಡು ಹೆಸರು ಬದಲಿಸಿ ಸಹಿ ಹಾಕಿಸಿದವರಿಗೆ ಈ ಮೂರು ಅಂಶಗಳು ಗೊತ್ತಾಗುವುದು ಸಾಮಾನ್ಯವಾಗಿ ಹೂಡಿಕೆದಾರರ ವಕೀಲರು ಕಡತ ಕೇಳಿದ ದಿನ. ‘ಶಾಶ್ವತವಾಗಿ, ಜಗತ್ತಿನಾದ್ಯಂತ, 19(4)ನೇ ಉಪಕಲಂ ಅನ್ವಯಿಸದಂತೆ’ ಎಂಬ ಮಾತುಗಳು ನಿಮ್ಮ ಒಪ್ಪಂದದಲ್ಲಿವೆಯೇ ಎಂದು ಇಂದೇ ನೋಡಿ.

ಸ್ಥಾಪಕರ ನಡುವಿನ ಪಾಲನ್ನೂ ಇದೇ ವಾರದಲ್ಲಿ ಬರೆದಿಡಿ. ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಷೇರು ಕೈಸೇರುವ, ಮೊದಲ ವರ್ಷ ತುಂಬುವ ಮೊದಲೇ ಹೊರಟವರಿಗೆ ಏನೂ ಸಿಗದ ಏರ್ಪಾಡು ರೂಢಿಯಲ್ಲಿದೆ, ಅದು ನ್ಯಾಯವೂ ಆಗಿದೆ. ಗೆಳೆಯರ ನಡುವೆ ಇದನ್ನೆಲ್ಲ ಮಾತಾಡಲು ಸಂಕೋಚ. ಆ ಸಂಕೋಚಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು. ಹೂಡಿಕೆ ಎತ್ತುವ ಅಥವಾ ನೌಕರರಿಗೆ ಷೇರು ಆಯ್ಕೆ ಕೊಡುವ ಉದ್ದೇಶವಿದ್ದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯೇ ಸರಿ, ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆಯಲ್ಲಿ) ಷೇರುಗಳೇ ಇರುವುದಿಲ್ಲ.

ಇನ್ನು ಹೆಸರು. ಕೋಡನ್ನು ಯಾರು ಬೇಕಾದರೂ ನಕಲು ಮಾಡಬಹುದು, ಆದರೆ ನಿಮ್ಮ ಹೆಸರಿನಲ್ಲಿ ಮಾರಬಾರದು ಎಂದು ತಡೆಯುವ ಶಕ್ತಿಯಿರುವುದು ಟ್ರೇಡ್‌ಮಾರ್ಕ್‌ಗೆ ಮಾತ್ರ. ತಂತ್ರಾಂಶಕ್ಕೆ 9 ಮತ್ತು 42ನೇ ವರ್ಗಗಳಲ್ಲಿ ಅರ್ಜಿ ಹಾಕುವುದು ವಾಡಿಕೆ. ನೋಂದಣಿ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು.

ಹೆಜ್ಜೆ 3: ಪರವಾನಗಿಯನ್ನು ಸೋಲಿನ ದಿನಕ್ಕಲ್ಲ, ಗೆಲುವಿನ ದಿನಕ್ಕೆ ಆರಿಸಿ

ಹೆಚ್ಚಿನವರು ಪರವಾನಗಿ ಆರಿಸುವಾಗ ‘ಯಾರೂ ಬಳಸದಿದ್ದರೆ’ ಎಂಬ ಅಂಜಿಕೆಯಲ್ಲಿರುತ್ತಾರೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದು ಬಹಳ ಜನಪ್ರಿಯವಾಗಿ, ದೊಡ್ಡ ಕ್ಲೌಡ್ ಕಂಪನಿಯೊಂದು ನಮಗೆ ಬಿಡಿಗಾಸೂ ಕೊಡದೆ ಇದನ್ನೇ ಸೇವೆಯಾಗಿ ಮಾರಲು ಆರಂಭಿಸಿದರೆ ನಾವು ಸಹಿಸಿಕೊಳ್ಳುತ್ತೇವೆಯೇ?

ಈ ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡವರ ಕಥೆ ಕಣ್ಣೆದುರಿಗಿದೆ. ಡೇಟಾಬೇಸ್ ಕಂಪನಿ ಮೊಂಗೊಡಿಬಿ 2018ರ ಅಕ್ಟೋಬರ್‌ನಲ್ಲಿ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಪರವಾನಗಿ ಬಿಟ್ಟು, ತಾನೇ ಬರೆದ, ಇನ್ನೂ ಬಿಗಿಯಾದ ಎಸ್‌ಎಸ್‌ಪಿಎಲ್‌ಗೆ ಹೋಯಿತು. ಹುಡುಕಾಟದ ತಂತ್ರಾಂಶ ಮಾಡುವ ಇಲಾಸ್ಟಿಕ್ 2021ರಲ್ಲಿ ಸಡಿಲವಾದ ಅಪಾಚೆ 2.0 ಪರವಾನಗಿಯನ್ನು ಕೈಬಿಟ್ಟಿತು. ಅಮೆಜಾನ್ ಹಳೆಯ ಕೋಡನ್ನು ತೆಗೆದುಕೊಂಡು ಓಪನ್‌ಸರ್ಚ್ ಎಂಬ ಕವಲನ್ನು, ಎಂದರೆ ಬೇರೆಯಾಗಿ ಬೆಳೆಯುವ ಪ್ರತಿಯನ್ನು, ಹುಟ್ಟಿಸಿತು. 2024ರಲ್ಲಿ ಇಲಾಸ್ಟಿಕ್ ಎಜಿಪಿಎಲ್ ಆಯ್ಕೆಯನ್ನು ಸೇರಿಸಿ ಓಪನ್ ಸೋರ್ಸ್‌ಗೆ ಮರಳಿತು. ಹಾಶಿಕಾರ್ಪ್ 2023ರ ಆಗಸ್ಟ್‌ನಲ್ಲಿ ಸರ್ವರುಗಳ ಏರ್ಪಾಡನ್ನು ಕೋಡಿನಿಂದ ಮಾಡುವ ಟೆರಾಫಾರ್ಮನ್ನು, ಓಪನ್ ಸೋರ್ಸ್ ಪರವಾನಗಿಯಾದ ಎಂಪಿಎಲ್ 2.0ರಿಂದ ವಾಣಿಜ್ಯ ಬಳಕೆಗೆ ಮಿತಿ ಹಾಕುವ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಿಸಿದ ಕೆಲವೇ ವಾರಗಳಲ್ಲಿ ಓಪನ್‌ಟೋಫು ಎಂಬ ಕವಲು ಲಿನಕ್ಸ್ ಫೌಂಡೇಶನ್‌ನ ನೆರಳಿಗೆ ಬಂತು. ಡೇಟಾಬೇಸ್ ತಂತ್ರಾಂಶ ರೆಡಿಸ್ 2024ರ ಮಾರ್ಚ್‌ನಲ್ಲಿ ಹೀಗೆಯೇ ಪರವಾನಗಿ ಬಿಗಿಗೊಳಿಸಿತು, ವಾಲ್ಕಿ ಎಂಬ ಕವಲು ಹುಟ್ಟಿತು, 2025ರಲ್ಲಿ ರೆಡಿಸ್ ಕೂಡ ಎಜಿಪಿಎಲ್ ಆಯ್ಕೆ ಕೊಟ್ಟಿತು. ಈ ಕಂಪನಿಗಳ ಅಳಲು ಸುಳ್ಳಲ್ಲ. ದುಡಿಮೆ ಒಬ್ಬರದು, ಫಸಲು ಇನ್ನೊಬ್ಬರದು ಎಂಬ ಸಿಟ್ಟಿಗೆ ಕಾರಣವಿತ್ತು. ಆದರೆ ಆಟದ ನಡುವೆ ನಿಯಮ ಬದಲಾದಾಗ ಹೊರಗಿನ ಸಹಯೋಗಿಗಳಿಗೆ ಆಗುವ ಗಾಯವೇ ಬೇರೆ. ಒಮ್ಮೆ ಕವಲೊಡೆದ ತಂಡ ಪರವಾನಗಿ ಮರಳಿದರೂ ಮರಳುವುದಿಲ್ಲ.

ನನ್ನ ಸಲಹೆ ಹೀಗಿದೆ. ಬಳಕೆದಾರರು ತಮ್ಮ ಕೋಡಿನೊಳಗೆ ಸೇರಿಸಿಕೊಳ್ಳುವ ಲೈಬ್ರರಿ ಮತ್ತು ಕಮಾಂಡ್ ಲೈನ್ ಉಪಕರಣಗಳಿಗೆ ಅಪಾಚೆ 2.0 ಇರಲಿ, ಎಂಐಟಿ ಪರವಾನಗಿಯಷ್ಟೇ ಸಡಿಲ, ಜೊತೆಗೆ ಪೇಟೆಂಟ್ ಅನುಮತಿಯನ್ನು ಸ್ಪಷ್ಟವಾಗಿ ಬರೆದಿರುವುದರಿಂದ ದೊಡ್ಡ ಕಂಪನಿಗಳ ವಕೀಲರಿಗೂ ನೆಮ್ಮದಿ. ಸರ್ವರಿನಲ್ಲಿ ನಡೆಯುವ ಭಾಗಕ್ಕೆ ಎಜಿಪಿಎಲ್ ಯೋಚಿಸಬಹುದು. ಬದಲಿಸಿದ ಆವೃತ್ತಿಯನ್ನು ನೆಟ್‌ವರ್ಕ್ ಮೂಲಕ ಬಳಸಲು ಕೊಡುವವರು ಆ ಬದಲಾವಣೆಯ ಮೂಲ ಕೋಡನ್ನೂ ಬಳಕೆದಾರರಿಗೆ ಕೊಡಬೇಕೆಂಬುದು ಅದರ ತಿರುಳು. ಗೂಗಲ್‌ನಂಥ ಕೆಲವು ಕಂಪನಿಗಳು ಒಳಗೆ ಎಜಿಪಿಎಲ್ ಕೋಡನ್ನೇ ನಿಷೇಧಿಸಿವೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಸಿನೆಸ್ ಸೋರ್ಸ್ ಲೈಸೆನ್ಸ್ ಬೇಕೆನಿಸಿದರೆ ಮೊದಲ ದಿನದಿಂದಲೇ ಬಳಸಿ, ಆದರೆ ಆಗ ‘ಓಪನ್ ಸೋರ್ಸ್’ ಎಂದು ಹೇಳಿಕೊಳ್ಳಬೇಡಿ. ಓಪನ್ ಸೋರ್ಸ್ ಇನಿಶಿಯೇಟಿವ್‌ನ ವ್ಯಾಖ್ಯೆಗೆ ಅದು ಹೊಂದುವುದಿಲ್ಲ.

ಹೊರಗಿನವರ ಕೋಡನ್ನು ಸ್ವೀಕರಿಸುವ ರೀತಿಯೂ ಇಲ್ಲಿಯೇ ತೀರ್ಮಾನವಾಗಬೇಕು. ಕೋಡಿನ ಮೇಲೆ ಕಂಪನಿಗೆ ವಿಶಾಲ ಹಕ್ಕು ಕೊಡುವ ಸಿಎಲ್‌ಎ ಎಂಬ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರೆ ಮುಂದೆ ಪರವಾನಗಿ ಬದಲಿಸುವ ಅಧಿಕಾರ ಕಂಪನಿಯ ಕೈಯಲ್ಲಿ ಉಳಿಯುತ್ತದೆ. ಲಿನಕ್ಸ್ ಕರ್ನಲ್ 2004ರಿಂದ ಬಳಸುತ್ತಿರುವ ಡಿಸಿಒ ಪದ್ಧತಿಯಲ್ಲಿ ಪ್ರತಿ ಕಮಿಟ್‌ನ, ಎಂದರೆ ದಾಖಲಾದ ಪ್ರತಿ ಕೋಡ್ ಬದಲಾವಣೆಯ, ಕೊನೆಗೆ ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂಬ ಅರ್ಥದ ಒಂದು ಸಹಿಸಾಲು ಮಾತ್ರ ಇರುತ್ತದೆ. ನಾವು ಡಿಸಿಒ ಆರಿಸಿದೆವು. ನಮ್ಮ ಕೈಯನ್ನೇ ನಾವು ಕಟ್ಟಿಕೊಂಡೆವು ಎಂದು ನಮ್ಮ ವಕೀಲರು ಗೊಣಗಿದರು. ಹೊರಗಿನವರಿಗೆ ನಮ್ಮ ಮೇಲೆ ನಂಬಿಕೆ ಬಂದದ್ದು ಆ ಕಟ್ಟಿನಿಂದಲೇ.

ಹೆಜ್ಜೆ 4: ಉಚಿತ ಯಾವುದು, ಹಣಕ್ಕೆ ಯಾವುದು ಎಂಬ ಗೆರೆಯನ್ನು ಬರೆದು ತೂಗುಹಾಕಿ

ಆದಾಯದ ದಾರಿಗಳು ಹಲವಿಲ್ಲ. ಉಪಕರಣವನ್ನು ನೀವೇ ನಡೆಸಿಕೊಟ್ಟು ತಿಂಗಳ ಬಾಡಿಗೆ ಪಡೆಯಬಹುದು. ದೊಡ್ಡ ಸಂಸ್ಥೆಗಳಿಗೆ ಬೇಕಾದ ಹೆಚ್ಚುವರಿ ಸೌಲಭ್ಯಗಳನ್ನು ಮಾರಬಹುದು. ರೆಡ್ ಹ್ಯಾಟ್‌ನಂತೆ ಖಾತರಿ ಮತ್ತು ಬೆಂಬಲದ ಚಂದಾ ಪಡೆಯಬಹುದು. ಡಾಕರ್ ಕಂಪನಿ 2021ರಲ್ಲಿ ಇನ್ನೊಂದು ಮಾರ್ಗ ಹಿಡಿಯಿತು: 250ಕ್ಕಿಂತ ಹೆಚ್ಚು ನೌಕರರು ಅಥವಾ ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಹೆಚ್ಚು ಆದಾಯ ಇರುವ ಸಂಸ್ಥೆಗಳು ಡಾಕರ್ ಡೆಸ್ಕ್‌ಟಾಪ್‌ಗೆ ಚಂದಾ ಕಟ್ಟಬೇಕೆಂದು ಗೊತ್ತುಮಾಡಿತು.

ಗೆರೆ ಎಳೆಯಲು ಗಿಟ್‌ಲ್ಯಾಬ್ ಬಳಸುವ ಅಳತೆಗೋಲು ನನಗೆ ಮೆಚ್ಚುಗೆ: ಈ ಸೌಲಭ್ಯ ಯಾರಿಗೆ ಹೆಚ್ಚು ಬೇಕು? ಕೋಡ್ ಬರೆಯುವ ವ್ಯಕ್ತಿಗೆ ಬೇಕಾದರೆ ಉಚಿತ; ಮ್ಯಾನೇಜರ್‌ಗೋ ಅವರ ಮೇಲಿನವರಿಗೋ ಬೇಕಾದರೆ ಹಣಕ್ಕೆ. ನಮ್ಮ ಉಪಕರಣದಲ್ಲಿ ಸ್ಕೀಮಾ ಬದಲಾವಣೆ, ಹಿಂದಕ್ಕೆ ಮರಳುವುದು, ಪರೀಕ್ಷೆ ಇವೆಲ್ಲ ಉಚಿತ. ಸಂಸ್ಥೆಯ ಎಲ್ಲ ಉಪಕರಣಗಳಿಗೂ ಒಂದೇ ಲಾಗಿನ್, ಯಾರು ಯಾವಾಗ ಏನು ಬದಲಿಸಿದರೆಂಬ ಲೆಕ್ಕಪರಿಶೋಧನೆಯ ದಾಖಲೆ, ಮೇಲಧಿಕಾರಿಯ ಒಪ್ಪಿಗೆಯ ಹಂತ ಇವು ಹಣಕ್ಕೆ. ಈ ನಿಯಮವನ್ನು ರೆಪೊಸಿಟರಿಯಲ್ಲೇ ಒಂದು ಕಡತವಾಗಿ ಇಟ್ಟಿದ್ದೇವೆ, ಉಚಿತವಾಗಿ ಕೊಟ್ಟದ್ದನ್ನು ಎಂದೂ ಹಿಂಪಡೆಯುವುದಿಲ್ಲವೆಂಬ ಮಾತಿನೊಂದಿಗೆ. ಇದರಿಂದ ತಂಡದೊಳಗೂ ಒಂದು ಲಾಭವಾಯಿತು: ಮಾರಾಟದವರು ಮತ್ತು ಎಂಜಿನಿಯರುಗಳು ಪ್ರತಿ ಸೌಲಭ್ಯದ ಬಗ್ಗೆಯೂ ಜಗಳವಾಡುವುದು ನಿಂತಿತು.

ವಿದೇಶದ ಗಿರಾಕಿಗಳಿಗೆ ಬಿಲ್ ಮಾಡುವವರು ಜಿಎಸ್‌ಟಿಯ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರವನ್ನು ಪ್ರತಿ ಹಣಕಾಸು ವರ್ಷವೂ ಆರ್‌ಎಫ್‌ಡಿ-11 ನಮೂನೆಯಲ್ಲಿ ಸಲ್ಲಿಸಬೇಕು, ಹಾಗಾದರೆ ಸೇವಾ ರಫ್ತಿಗೆ ತೆರಿಗೆ ಕಟ್ಟದೆಯೇ ಬಿಲ್ ಕಳುಹಿಸಬಹುದು. ಉಳಿದದ್ದನ್ನು ಒಳ್ಳೆಯ ಸಿಎ ಒಬ್ಬರಿಗೆ ಬಿಡಿ.

ಹೆಜ್ಜೆ 5: ತೀರ್ಮಾನಗಳನ್ನು ಬರಹದಲ್ಲಿ ಮಾಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಈ ಹೆಜ್ಜೆಯನ್ನು ಪಾಲಿಸಲಿ.

ನಮ್ಮ ಕಚೇರಿಯ ಕೆಳಗೊಂದು ದರ್ಶಿನಿಯಿದೆ. ಬೆಳಿಗ್ಗೆ ಹನ್ನೊಂದಕ್ಕೆ ಅಲ್ಲಿನ ಎತ್ತರದ ಮೇಜಿನ ಸುತ್ತ ನಿಂತು ಕಾಫಿ ಕುಡಿಯುತ್ತ ನಾವು ನಾಲ್ವರೂ ಎಷ್ಟೋ ಗಂಟುಗಳನ್ನು ಬಿಡಿಸಿದ್ದೇವೆ. ಒಂದು ಸೋಮವಾರ, ಹಳೆಯ ಸಂರಚನಾ ಕಡತದ ವಿನ್ಯಾಸವನ್ನು ಕೈಬಿಡುವುದೇ ಲೇಸೆಂದು ಅಲ್ಲಿಯೇ ಮಾತಾಯಿತು. ಮೇಲೆ ಬಂದು ಒಂದೂವರೆ ಗಂಟೆಯಲ್ಲಿ ಆ ಭಾಗವನ್ನು ಕಿತ್ತು, ಬದಲಾವಣೆಯನ್ನು ಮುಖ್ಯ ಕೋಡಿಗೆ ಮರ್ಜ್ ಮಾಡಿದೆವು. ಹಿಂದಿನ ರಾತ್ರಿಯಷ್ಟೇ ಹೊರಗಿನ ಸಹಯೋಗಿಯೊಬ್ಬರು ಅದೇ ವಿನ್ಯಾಸದ ಕಡತವನ್ನು ಇನ್ನೂ ಚುರುಕಾಗಿ ಓದುವ ಕೋಡನ್ನು ಪುಲ್ ರಿಕ್ವೆಸ್ಟ್ ಆಗಿ (ಸೇರಿಸಿಕೊಳ್ಳಿ ಎಂಬ ಕೋರಿಕೆಯೊಂದಿಗೆ) ಕಳುಹಿಸಿದ್ದರು: ಎರಡು ವಾರಾಂತ್ಯಗಳ ಕೆಲಸ, ನಲವತ್ತು ಪರೀಕ್ಷೆಗಳು, ಅಂದವಾದ ವಿವರಣೆ. ಮಧ್ಯಾಹ್ನ ಅವರು ಬರೆದದ್ದು ಒಂದೇ ಸಾಲು: ‘ಇದನ್ನು ತೆಗೆಯುವ ಚರ್ಚೆ ಎಲ್ಲಿ ನಡೆಯಿತು ಎಂದು ತೋರಿಸುತ್ತೀರಾ, ನಾನು ನೋಡಿರಲಿಲ್ಲ.’ ತೋರಿಸಲು ನಮ್ಮ ಬಳಿ ಏನಿತ್ತು, ಖಾಲಿ ಲೋಟಗಳ ಹೊರತು? ಕ್ಷಮೆ ಕೇಳಿದೆವು. ಅವರು ಮತ್ತೆ ಕೋಡ್ ಕಳುಹಿಸಲಿಲ್ಲ.

ಅಂದಿನಿಂದ ನಮ್ಮಲ್ಲೊಂದು ಕಟ್ಟಳೆಯಿದೆ. ಕಾಫಿಯ ಮುಂದೆ ಎಷ್ಟು ಬೇಕಾದರೂ ಮಾತಾಡಬಹುದು, ತೀರ್ಮಾನ ಮಾಡುವಂತಿಲ್ಲ. ಬಳಕೆದಾರರಿಗೆ ತಟ್ಟುವ ಯಾವುದೇ ಬದಲಾವಣೆಗೆ ಒಂದು ಪುಟದ ಪ್ರಸ್ತಾವವನ್ನು ಸಾರ್ವಜನಿಕ ಇಶ್ಯೂ (ಎಲ್ಲರೂ ಬರೆಯಬಹುದಾದ ಚರ್ಚೆಯ ಪುಟ) ಆಗಿ ತೆರೆಯಬೇಕು. ತೊಂದರೆಯೇನು, ಯಾವ ಪರಿಹಾರಗಳನ್ನು ನೋಡಿದೆವು, ಯಾವುದನ್ನು ಏಕೆ ಬಿಟ್ಟೆವು, ಕೊನೆಯ ಮಾತು ಯಾರದು, ಯಾವ ದಿನದೊಳಗೆ ಎಂಬಿಷ್ಟು ಅದರಲ್ಲಿರಬೇಕು. ‘ಬಿಟ್ಟ ಪರಿಹಾರಗಳು’ ಎಂಬ ಭಾಗವನ್ನು ಎಲ್ಲರೂ ಅವಸರದಲ್ಲಿ ಬರೆಯುತ್ತಾರೆ. ಆರು ತಿಂಗಳ ಬಳಿಕ ಹೊಸದಾಗಿ ಸೇರಿದವರು ಮೊದಲು ಓದುವುದು ಅದನ್ನೇ. ಕನಿಷ್ಠ ಐದು ಕೆಲಸದ ದಿನಗಳಾದರೂ ಚರ್ಚೆ ತೆರೆದಿರಬೇಕು. ‘ಎಲ್ಲರೂ ಒಪ್ಪಬೇಕು’ ಎಂಬ ನಿಯಮವನ್ನು ಮಾತ್ರ ಮಾಡಿಕೊಳ್ಳಬೇಡಿ, ಕೆಲಸ ಕೆಡುವುದು ಅದರಿಂದಲೇ. ಎಲ್ಲರ ಮಾತು ಕೇಳಿಸಿಕೊಳ್ಳುವುದು, ಒಬ್ಬರು ತೀರ್ಮಾನಿಸುವುದು, ಒಪ್ಪದವರ ಕಾರಣವನ್ನೂ ದಾಖಲಿಸುವುದು ಸಾಕು.

ಗಿಟ್‌ಲ್ಯಾಬ್ ತನ್ನ ಇಡೀ ಕಾರ್ಯವಿಧಾನವನ್ನು ಎರಡು ಸಾವಿರಕ್ಕೂ ಹೆಚ್ಚು ಪುಟಗಳ ಸಾರ್ವಜನಿಕ ಕೈಪಿಡಿಯಾಗಿ ಬರೆದಿಟ್ಟಿದೆ. ನಾಲ್ಕು ಜನರ ತಂಡಕ್ಕೆ ಅದರ ಅನುಕರಣೆ ಬೇಡ. ಹದಿನೈದು ಪುಟ ಸಾಕು. ರಜೆ ಕೇಳುವ ರೀತಿ, ಹೊಸ ಆವೃತ್ತಿಯನ್ನು ರಿಲೀಸ್ ಮಾಡುವ ರೀತಿ, ರಾತ್ರಿ ಕರೆ ಬಂದರೆ ಎತ್ತುವವರು ಯಾರು, ಇಷ್ಟರಿಂದ ತೊಡಗಿ. ಯಾವುದಾದರೂ ಪ್ರಶ್ನೆಗೆ ಎರಡನೆಯ ಸಲ ಬಾಯಲ್ಲಿ ಉತ್ತರ ಕೊಡಬೇಕಾಗಿ ಬಂದರೆ ಆ ಉತ್ತರವನ್ನು ಕೈಪಿಡಿಗೆ ಸೇರಿಸಿ.

ಹೆಜ್ಜೆ 6: ಹಿರಿಯರ ಕೋಡನ್ನೂ ಕಿರಿಯರು ನೋಡುವಂತೆ ಮಾಡಿ

ನಮ್ಮ ಕಡೆಯ ತಂಡಗಳಲ್ಲಿ ಒಂದು ತೊಡಕುಂಟು, ಹೇಳಿದರೆ ಯಾರೂ ಒಪ್ಪುವುದಿಲ್ಲ. ಕಚೇರಿಯಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ‘ಸರ್’ ಎನ್ನುವ ಕಾಲ ಮುಗಿಯಿತು ಎನ್ನುತ್ತಾರೆ. ಆದರೆ ಸ್ಥಾಪಕರ ಪುಲ್ ರಿಕ್ವೆಸ್ಟ್ ಬಂದಾಗ, ಕಾಲೇಜು ಮುಗಿಸಿ ಬಂದ ಹುಡುಗಿ ತಪ್ಪು ಕಂಡರೂ ಸುಮ್ಮನೆ ಒಪ್ಪಿಗೆಯ ಗುಂಡಿ ಒತ್ತುತ್ತಾಳೆ. ಇದು ಉಪದೇಶದಿಂದ ಹೋಗುವ ಸಂಕೋಚವಲ್ಲ, ಏರ್ಪಾಡಿನಿಂದ ಹೋಗುವಂಥದ್ದು. ರೆಪೊಸಿಟರಿಯ ಮುಖ್ಯ ಶಾಖೆಗೆ (ಅಧಿಕೃತ ಕೋಡಿಗೆ) ಯಾರೂ, ಸ್ಥಾಪಕರೂ, ನೇರವಾಗಿ ಕೋಡ್ ಸೇರಿಸಲಾಗದಂತೆ ಬೀಗ ಹಾಕಿ. ಪರಿಶೀಲಕರನ್ನು ಸರದಿಯ ಮೇಲೆ ಯಂತ್ರವೇ ಆರಿಸಲಿ. ಪರಿಶೀಲಿಸುವವರು ಕನಿಷ್ಠ ಒಂದು ಪ್ರಶ್ನೆಯನ್ನಾದರೂ ಕೇಳಲೇಬೇಕೆಂಬ ರೂಢಿಯನ್ನು ಮೊದಲ ಮೂರು ತಿಂಗಳು ಇಟ್ಟುಕೊಳ್ಳಿ. ತಪ್ಪೆಂದು ಹೇಳಲು ಅಂಜುವವರೂ ಪ್ರಶ್ನೆ ಕೇಳಬಲ್ಲರು.

ಮೆಲ್ವಿನ್ ಕಾನ್ವೇ 1968ರಲ್ಲಿ ಒಂದು ಮಾತು ಬರೆದರು: ಸಂಸ್ಥೆಯ ಒಳಗಿನ ಮಾತುಕತೆಯ ಆಕಾರವೇ ಅದು ಕಟ್ಟುವ ವ್ಯವಸ್ಥೆಯ ಆಕಾರವೂ ಆಗುತ್ತದೆ ಎಂಬುದು ಅದರ ಸಾರ. ಸರ್ವರ್ ಬರೆಯುವವರು ಒಂದು ಗುಂಪು, ಕಮಾಂಡ್ ಲೈನ್ ಬರೆಯುವವರು ಇನ್ನೊಂದು ಗುಂಪಾದ ಕೂಡಲೇ ಎರಡರ ದೋಷಸಂದೇಶಗಳೂ ಬೇರೆಬೇರೆ ಧಾಟಿಗೆ ಹೊರಳಿದ್ದನ್ನು ನಾವು ಕಂಡಿದ್ದೇವೆ. ಹತ್ತು ಜನರಾಗುವವರೆಗೆ ಗುಂಪು ಒಡೆಯಬೇಡಿ.

ನೇಮಕದ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಐದನೆಯ ವ್ಯಕ್ತಿ ಎಂಜಿನಿಯರ್ ಆಗಬೇಕಿಲ್ಲ, ಡಾಕ್ಯುಮೆಂಟೇಶನ್ ಬರೆಯಬಲ್ಲವರಾಗಲಿ. ಡೆವಲಪರ್ ಉಪಕರಣದಲ್ಲಿ ವಿವರಣೆಯೇ ಅರ್ಧ ಉತ್ಪನ್ನ, ಅದನ್ನು ಎಂಜಿನಿಯರುಗಳು ಶುಕ್ರವಾರ ಸಂಜೆ ಬರೆದು ಮುಗಿಸುತ್ತಾರೆ. ಮಾರಾಟದವರನ್ನು, ಸ್ಥಾಪಕರೇ ಹತ್ತು ಗಿರಾಕಿಗಳಿಗೆ ಕೈಯಾರೆ ಮಾರಿದ ಬಳಿಕವೇ ಸೇರಿಸಿಕೊಳ್ಳಿ. ಸಹಯೋಗಿಗಳ ನಡುವಿನಿಂದ ನೇಮಿಸಿಕೊಳ್ಳುವುದು ಅತ್ಯುತ್ತಮ, ಅವರ ಕೆಲಸ ಆಗಲೇ ಕಣ್ಣೆದುರಿಗಿರುತ್ತದೆ. ಆದರೆ ನೌಕರಿಯ ಆಸೆ ತೋರಿಸಿ ಬಿಟ್ಟಿ ಕೆಲಸ ಮಾಡಿಸುವುದು ಅನ್ಯಾಯ. ಪರೀಕ್ಷಾರ್ಥ ಕೆಲಸಕ್ಕೂ ಸಂಬಳ ಕೊಡಿ.

ಹೆಜ್ಜೆ 7: ಹೊರಗಿನ ತಂಡಕ್ಕೆ ಉತ್ತರ ಕೊಡುವುದನ್ನು ಸರದಿಯ ಕೆಲಸವಾಗಿಸಿ

ಮೊದಲ ಪುಲ್ ರಿಕ್ವೆಸ್ಟ್ ಕಳುಹಿಸಿದವರಿಗೆ ಎರಡು ದಿನದೊಳಗೆ ಮನುಷ್ಯರ ಉತ್ತರ ಹೋಗಬೇಕು. ಒಪ್ಪಿಗೆಯೇ ಆಗಬೇಕೆಂದಿಲ್ಲ. ‘ನೋಡಿದೆವು, ಗುರುವಾರದೊಳಗೆ ಓದುತ್ತೇವೆ’ ಎಂದರೂ ಸಾಕು, ಆದರೆ ಗುರುವಾರ ಓದಲೇಬೇಕು. ವಾರಕ್ಕೊಬ್ಬರಂತೆ ಸರದಿ ಹಾಕಿ; ಆ ವಾರ ಅವರಿಗೆ ಬೇರೆ ಕೋಡಿಂಗ್ ಕೆಲಸದ ಲೆಕ್ಕ ಕೇಳಬೇಡಿ. ಬೇಡವೆನ್ನುವಾಗ ಕಾರಣ ಸಹಿತ ಬೇಗನೆ ಬೇಡವೆನ್ನುವುದು ಮರ್ಯಾದೆ. ಎಂಟು ತಿಂಗಳು ತೂಗಾಡಿಸುವುದು ಅವಮಾನ.

ಸಂಖ್ಯೆಗೆ ಮಾತ್ರ ಮರುಳಾಗಬೇಡಿ. ಓಪನ್ ಸೋರ್ಸ್ ಯೋಜನೆಗಳಿಗೆ ಕೋಡ್ ಕಳುಹಿಸಲು ಹುರಿದುಂಬಿಸುವ ಹಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ, ನಾಲ್ಕು ಪುಲ್ ರಿಕ್ವೆಸ್ಟ್‌ಗೆ ಒಂದು ಟೀ ಶರ್ಟ್ ಎಂಬ ಆಸೆಗೆ, ರೀಡ್‌ಮಿ ಕಡತಕ್ಕೆ ಒಂದೆರಡು ಹೊಗಳಿಕೆಯ ಪದ ಸೇರಿಸಿದ ಕೋರಿಕೆಗಳು ಎಷ್ಟು ಹರಿದುಬಂದವೆಂದರೆ, ಒಪ್ಪಿಗೆ ಸೂಚಿಸಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ಸಂಘಟಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ನಮ್ಮ ದೇಶದ ವಿದ್ಯಾರ್ಥಿಗಳ ಪಾಲು ಅದರಲ್ಲಿ ಕಡಿಮೆಯೇನೂ ಇರಲಿಲ್ಲ. ಹೊಸಬರಿಗೆ ನಿಜವಾದ ಚಿಕ್ಕ ಕೆಲಸಗಳನ್ನು ಗುರುತಿಸಿಟ್ಟರೆ ಆ ಉತ್ಸಾಹವೇ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಓಪನ್ ಸೋರ್ಸ್ ಸಂಘಟನೆಯಾದ ಫಾಸ್ ಯುನೈಟೆಡ್ ನಡೆಸುವ ಕೂಟಗಳಿಗೆ ತಂಡವನ್ನು ಕಳುಹಿಸಿ. ಒಂದು ಮಧ್ಯಾಹ್ನ ಎದುರುಬದುರು ಕುಳಿತದ್ದು ಹತ್ತು ತಿಂಗಳ ಪತ್ರವ್ಯವಹಾರವನ್ನು ಸಲೀಸು ಮಾಡುತ್ತದೆ.

ಹೆಜ್ಜೆ 8: ಅವಘಡಕ್ಕೆ ಮೊದಲೇ ತಯಾರಾಗಿ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು, ಹಿಂದುಳಿದಿದ್ದ ಎರಡನೆಯ ಡೇಟಾಬೇಸ್ ಸರ್ವರನ್ನು ಸರಿಪಡಿಸಲು ಅದರ ಡೇಟಾ ಕೋಶವನ್ನು ಅಳಿಸುವ ಆಜ್ಞೆ ಕೊಟ್ಟರು. ಟರ್ಮಿನಲ್ (ಆಜ್ಞೆ ಬರೆಯುವ ಕಿಟಕಿ) ತೆರೆದಿದ್ದದ್ದು ಮುಖ್ಯ ಸರ್ವರಿನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಬ್ಯಾಕಪ್‌ಗಳ ಕಡೆ ಓಡಿದರೆ ಒಂದೊಂದೂ ಕೈಕೊಟ್ಟಿತು. ದಿನನಿತ್ಯದ ಬ್ಯಾಕಪ್ ಆಜ್ಞೆ ಹಳೆಯ ಆವೃತ್ತಿಯದಾಗಿದ್ದು ಬಹುಕಾಲದಿಂದ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳನ್ನು ಇಮೇಲ್ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು, ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ಕೈಯಿಂದ ತೆಗೆದಿಟ್ಟಿದ್ದ ಒಂದು ಪ್ರತಿ.

ಆಮೇಲೆ ಅವರು ನಡೆದುಕೊಂಡ ರೀತಿ ಗಮನಿಸಬೇಕಾದದ್ದು. ಚೇತರಿಕೆಯ ಟಿಪ್ಪಣಿಯನ್ನು ಎಲ್ಲರೂ ಓದುವಂತೆ ತೆರೆದಿಟ್ಟರು, ಕೆಲಸವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿದರು, ಅಳಿಸಿದವರ ಹೆಸರನ್ನು ಬರೆಯಲಿಲ್ಲ. ಸುಸ್ತಾದ ಒಬ್ಬ ವ್ಯಕ್ತಿ ತಪ್ಪು ಕಿಟಕಿಯಲ್ಲಿ ಟೈಪ್ ಮಾಡಿದರೆ ಇಡೀ ಸೇವೆ ಬೀಳುತ್ತದೆ ಎಂದಾದರೆ ದೋಷ ಏರ್ಪಾಡಿನದು. ನಿಮ್ಮಲ್ಲಿಯೂ ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ನಿಜವಾಗಿ ಮರುಸ್ಥಾಪನೆ ಮಾಡಿ ನೋಡಿ. ಮರುಸ್ಥಾಪಿಸಿ ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.

ಇನ್ನೊಂದು ಅಪಾಯ ಹೊರಗಿನಿಂದ, ಸಹಾಯದ ವೇಷದಲ್ಲಿ ಬರುತ್ತದೆ. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶವನ್ನು ವರ್ಷಗಟ್ಟಲೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ದಣಿದಿದ್ದ ಅವರ ಮೇಲೆ ಅಪರಿಚಿತರ ಒತ್ತಡ ಬೀಳುತ್ತಿದ್ದಾಗ, ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ ಒಂದು ಖಾತೆ ರಿಲೀಸ್ ಮಾಡುವ ಅಧಿಕಾರ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ಹಿಂಬಾಗಿಲನ್ನು ಎಚ್ಚರಗೊಳಿಸುವ ತುಣುಕು ಗಿಟ್ ಇತಿಹಾಸದಲ್ಲಿ ಇರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಕಡತದಲ್ಲಿ ಮಾತ್ರ ಇತ್ತು. ಆದ್ದರಿಂದ ರಿಲೀಸ್‌ಗಳನ್ನು ಯಾರ ಲ್ಯಾಪ್‌ಟಾಪಿನಿಂದಲೂ ಮಾಡಬೇಡಿ. ರೆಪೊಸಿಟರಿಯಿಂದ ನೇರವಾಗಿ ಕಟ್ಟುವ ಸ್ವಯಂಚಾಲಿತ ಏರ್ಪಾಡಿರಲಿ, ಅದಕ್ಕೆ ಇಬ್ಬರ ಒಪ್ಪಿಗೆ ಬೇಕಾಗಲಿ. ಭದ್ರತಾ ದೋಷ ಕಂಡವರು ಗುಟ್ಟಾಗಿ ತಿಳಿಸಲು ಒಂದು ವಿಳಾಸವನ್ನು ರೆಪೊಸಿಟರಿಯಲ್ಲೇ ಬರೆದಿಡಿ, ಬಂದ ಪತ್ರಕ್ಕೆ ಅದೇ ದಿನ ಉತ್ತರಿಸಿ.

ಹೆಜ್ಜೆ 9: ಹೋಗುವವರಿಗೆ ದಾರಿ ಮಾಡಿಡಿ

ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ದಣಿಯುತ್ತಾರೆ, ಮದುವೆಯಾಗಿ ಊರು ಬಿಡುತ್ತಾರೆ, ಬೇರೆ ಕೆಲಸ ಹಿಡಿಯುತ್ತಾರೆ. ಮೇಂಟೇನರ್‌ಗಳ ಪಟ್ಟಿಯಲ್ಲಿ ‘ಹಿಂದಿನವರು’ ಎಂಬ ಭಾಗವೊಂದನ್ನು ಇಟ್ಟು, ಆರು ತಿಂಗಳು ಕೈಯಾಡಿಸದವರನ್ನು ಕೇಳಿ ಅಲ್ಲಿಗೆ ಸರಿಸಿ. ಹೆಸರು ಉಳಿಯುತ್ತದೆ, ಅಧಿಕಾರ ಮಾತ್ರ ಹಿಂದಕ್ಕೆ ಬರುತ್ತದೆ. ಮರಳಿ ಬಂದರೆ ಕೀಲಿ ಮರಳಿ ಕೊಡಿ.

ಜೊತೆಗೆ ಒಂದು ಹಾಳೆ ತಯಾರಿಸಿ. ಡೊಮೇನ್ ಹೆಸರು, ಪ್ಯಾಕೇಜ್ ರಿಜಿಸ್ಟ್ರಿಯ ಖಾತೆ, ರಿಲೀಸ್‌ಗೆ ಸಹಿ ಹಾಕುವ ಕೀಲಿ, ಕ್ಲೌಡ್‌ನ ಮೂಲ ಖಾತೆ, ಭದ್ರತಾ ವಿಳಾಸದ ಇಮೇಲ್, ಟ್ರೇಡ್‌ಮಾರ್ಕ್ ಕಡತ, ಬ್ಯಾಂಕು. ಪ್ರತಿಯೊಂದರ ಮುಂದೆಯೂ ಎರಡು ಹೆಸರಿರಬೇಕು. ನಮ್ಮ ಹಾಳೆಯಲ್ಲಿ ಮೊದಲ ಸಲ ಹೀಗೆ ಬರೆದಾಗ ಏಳರಲ್ಲಿ ಐದು ಸಾಲುಗಳ ಮುಂದೆ ಒಂದೇ ಹೆಸರಿತ್ತು, ಅದು ನನ್ನದು; ಡೊಮೇನ್ ನವೀಕರಣದ ಎಚ್ಚರಿಕೆ ಬರುತ್ತಿದ್ದದ್ದು ನಾನು ಎಂದೋ ಬಳಸುವುದನ್ನು ಬಿಟ್ಟಿದ್ದ ಇಮೇಲಿಗೆ. ಎರಡನೆಯವರಿಗೆ ಪ್ರವೇಶ ಕೊಟ್ಟ ಮೇಲೆ, ನೀವು ಕೀಬೋರ್ಡ್ ಮುಟ್ಟದೆ, ಅವರ ಕೈಯಿಂದಲೇ ಒಂದು ರಿಲೀಸ್ ಮಾಡಿಸಿ. ನಮ್ಮಲ್ಲಿ ಅದಕ್ಕೆ ಮೊದಲ ಸಲ ಇಡೀ ದಿನ ಹಿಡಿಯಿತು, ಕೈಪಿಡಿಯಲ್ಲಿ ಬರೆಯದೇ ಬಿಟ್ಟಿದ್ದ ಹನ್ನೆರಡು ಸಂಗತಿಗಳು ಹೊರಬಂದವು.